ಹಾಲಿನಿಂದ ಚರ್ಮ, ಚಾಪೆಯಿಂದ ಉಕ್ಕು

ಮುಖವಾಡವೊಂದು ಕೈಗೆ ಬಂದಾಗ ನನ್ನ ದೃಷ್ಟಿ ಮೊದಲು ಹೋಗುವುದು ಅದರ ಕಣ್ಣಿನ ಮೂಲೆಗೆ. ಕೊಂಬು, ಕೋರೆಹಲ್ಲು, ಸೀಳಿದ ಹಣೆ, ಇಳಿಯುವ ರಕ್ತ ಇವೆಲ್ಲ ದೂರದಿಂದಲೇ ಕೂಗಿ ಕರೆಯುತ್ತವೆ; ಅವನ್ನು ಆಮೇಲೆ ನೋಡಬಹುದು. ಮೇಲಿನ ರೆಪ್ಪೆ ಕೆಳಗಿನದನ್ನು ಸ್ವಲ್ಪವೇ ದಾಟಿ ಬಂದು ಮುಗಿಯುತ್ತದಲ್ಲ, ಆ ಅರ್ಧ ಸೆಂಟಿಮೀಟರ್ ಜಾಗ ಸರಿಯಾಗಿದ್ದರೆ ಮಾಡಿದವರು ಮನುಷ್ಯರ ಮುಖವನ್ನು ತಾಳ್ಮೆಯಿಂದ ನೋಡಿದ್ದಾರೆ ಎಂದು ತಿಳಿಯುತ್ತದೆ. ಆಮೇಲೆ ತುಟಿಯ ಕೊನೆ. ಆಮೇಲೆ ಮೂಗಿನ ಹೊಳ್ಳೆ ಕೆನ್ನೆಗೆ ಸೇರುವಲ್ಲಿನ ಮಡಿಕೆ. ಈ ಮೂರೂ ನೆಟ್ಟಗಿದ್ದರೆ, ತಲೆಯ ಮೇಲೆ ಆರು ಕೊಂಬಿದ್ದರೂ ಆ ಪ್ರಾಣಿಯನ್ನು ನಾನು ನಂಬುತ್ತೇನೆ.

ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆಗಾಗಿ ಅಮೆರಿಕದ ಅಂಗಡಿಗಳಲ್ಲಿ ಮುಖವಾಡಗಳು ರಾಶಿ ಬೀಳುತ್ತವೆ. ನಾನು ಹೇಳಹೊರಟಿರುವುದು ಅವುಗಳ ಬಗ್ಗೆ ಅಲ್ಲ. ಮನೆಯ ಗ್ಯಾರೇಜಿನಲ್ಲಿ, ನೆಲಮಾಳಿಗೆಯಲ್ಲಿ, ಕೆಲವೊಮ್ಮೆ ಅಡುಗೆಮನೆಯ ಮೇಜಿನ ಮೇಲೆಯೇ ಹುಟ್ಟುವ ಮುಖಗಳಿವೆ. ಹಗಲೆಲ್ಲ ಬೇರೆ ಯಾವುದೋ ನೌಕರಿ ಮಾಡಿಕೊಂಡಿರುವ ಜನ, ಒಂದೇ ಒಂದು ರಾತ್ರಿಯ ವೇಷಕ್ಕಾಗಿ ಆಗಸ್ಟ್ ತಿಂಗಳಿನಲ್ಲೇ ಮಣ್ಣು ಕಲಸಲು ಕೂರುತ್ತಾರೆ. ವೇಷ ಎರಡು ಬಗೆಯದು: ಒಂದು ರಬ್ಬರಿನ ಮುಖ, ಇನ್ನೊಂದು ಮೈಗೆ ತೊಡುವ ಕವಚ. ಒಂದರಲ್ಲಿ ಜೀವವಿಲ್ಲದ ವಸ್ತು ಮಿದುವಾದ ಚರ್ಮವಾಗಬೇಕು. ಇನ್ನೊಂದರಲ್ಲಿ ಮಿದುವಾದ ವಸ್ತು ಗಡಸು ಉಕ್ಕಾಗಬೇಕು. ಎರಡರಲ್ಲೂ ಸೊಬಗು ಇರುವುದು ಹೊರಮೈಯಲ್ಲಿ. ವಯಸ್ಸು, ಬಳಕೆ, ಗಾಯ, ದಣಿವು ಇವೆಲ್ಲವನ್ನೂ ಹೊರಮೈಯೊಂದೇ ಹೇಳಬೇಕು, ಒಳಗೆ ಬೇರೇನೂ ಇಲ್ಲ.

ಮೊದಲಿಗೆ ಮಣ್ಣು. ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಮನುಷ್ಯಗಾತ್ರದ ತಲೆಯೊಂದನ್ನು ಕಂಬದ ಮೇಲೆ ನಿಲ್ಲಿಸಿ, ಅದರ ಮೇಲೆ ಜೇಡಿಮಣ್ಣನ್ನು ಮೆತ್ತುತ್ತ ಹೋಗುತ್ತಾರೆ. ಎಣ್ಣೆ ಬೆರೆಸಿದ, ಎಂದೂ ಒಣಗದ ಮಣ್ಣನ್ನು ಕೆಲವರು ಇಷ್ಟಪಡುತ್ತಾರೆ. ಬೆರಳಿನ ವೇಗಕ್ಕೆ ಒದಗುವ ನೀರಿನ ಮಣ್ಣು ಇನ್ನು ಕೆಲವರಿಗೆ ಬೇಕು. ಅಂಥದ್ದರಲ್ಲಿ ಹೆಸರಾದದ್ದು ‘ವೆಡ್’ ಮಣ್ಣು. ವಾಲ್ಟರ್ ಇಲಿಯಾಸ್ ಡಿಸ್ನಿಯ ಹೆಸರಿನ ಮೂರು ಮೊದಲಕ್ಷರಗಳು ಸೇರಿ ಅದಕ್ಕೆ ಆ ಹೆಸರು. ಡಿಸ್ನಿಯ ಶಿಲ್ಪಿಗಳಿಗೆಂದು ತಯಾರಾದ, ಬೇಗ ಒಣಗದ ಮಣ್ಣು ಅದು. ನನಗೂ ನೀರಿನ ಮಣ್ಣೇ ಮೇಲು ಅನಿಸುತ್ತದೆ. ಅದರಲ್ಲಿ ಮಾಡಿದ ಮುಖಗಳಲ್ಲಿ ಹೆಬ್ಬೆರಳಿನ ಒಂದೇ ಎಳೆತ ಹಾಗೆಯೇ ಉಳಿದುಕೊಂಡಿರುತ್ತದೆ.

ಸುಕ್ಕು ಹಾಕುವ ಕೆಲಸದ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆ. ಸುಕ್ಕು ಎಲ್ಲೆಂದರಲ್ಲಿ ಬೀಳುವುದಿಲ್ಲ. ಸ್ನಾಯು ಎಳೆಯುವ ದಿಕ್ಕಿಗೆ ಅಡ್ಡಲಾಗಿ ಬೀಳುತ್ತದೆ. ಹಣೆಯ ಸ್ನಾಯು ಮೇಲಕ್ಕೆ ಎಳೆಯುವುದರಿಂದ ಹಣೆಯ ಗೆರೆಗಳು ಅಡ್ಡಡ್ಡ. ಹುಬ್ಬುಗಳು ಒಂದರ ಕಡೆಗೊಂದು ಸರಿಯುವುದರಿಂದ ಅವುಗಳ ನಡುವಿನ ಗೆರೆ ಉದ್ದುದ್ದ. ಕಣ್ಣನ್ನು ಸುತ್ತಿರುವ ಸ್ನಾಯು ಬಿಗಿದಾಗ ಗೆರೆಗಳು ಹೊರಮೂಲೆಯಿಂದ ಕಿರಣಗಳಂತೆ ಚೆದುರುತ್ತವೆ. ಪಾತಾಳದಿಂದ ಎದ್ದು ಬಂದ ದೆವ್ವವೇ ಆಗಲಿ, ಅದಕ್ಕೂ ಈ ಕಟ್ಟಳೆ ತಪ್ಪಿದ್ದಲ್ಲ. ಈ ಕಟ್ಟಳೆಯನ್ನು ಮೀರಿದ ಮುಖ ಭಯ ಹುಟ್ಟಿಸುವುದಿಲ್ಲ, ಬರೀ ಗೊಂದಲ ಹುಟ್ಟಿಸುತ್ತದೆ. ನುರಿತವರು ಎಡಗೆನ್ನೆ ಬಲಗೆನ್ನೆಗಳನ್ನು ಒಂದೇ ಅಳತೆಗೆ ತರುವುದೂ ಇಲ್ಲ. ಒಂದು ಹುಬ್ಬು ಕೊಂಚ ಮೇಲೆ, ಒಂದು ಕಡೆಯ ತುಟಿ ಕೊಂಚ ಜೋಲು. ಆಗ ಆ ಮುಖಕ್ಕೆ ಹಿಂದೊಂದು ಬದುಕು ಇತ್ತು ಅನಿಸುತ್ತದೆ: ಯಾವುದೋ ಕಡೆಗೆ ತಿರುಗಿ ಮಲಗುತ್ತಿತ್ತು, ಯಾವುದೋ ಹಲ್ಲು ನೋಯುತ್ತಿತ್ತು.

ಗೆರೆ ಕೊರೆಯುವಾಗ ಮಣ್ಣಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲಿನಿಂದ ಒತ್ತುತ್ತಾರೆ. ನೇರವಾಗಿ ಕೊರೆದರೆ ಅಂಚು ಹರಿತವಾಗಿ ಗಾಯದ ಗುರುತಾಗುತ್ತದೆ. ಹಾಳೆಯ ಮೇಲಿನಿಂದ ಒತ್ತಿದರೆ ಅಂಚು ಎರಡೂ ಕಡೆ ಉಬ್ಬಿ ದುಂಡಾಗಿ ಸುಕ್ಕಾಗುತ್ತದೆ. ಚರ್ಮದ ರಂಧ್ರಗಳಿಗೆ ಇನ್ನೊಂದು ಉಪಾಯವಿದೆ. ಕಿತ್ತಳೆಹಣ್ಣಿನ ಸಿಪ್ಪೆಗೆ ದ್ರವ ರಬ್ಬರ್ ಬಳಿದು, ಒಣಗಿದ ಮೇಲೆ ಸುಲಿದರೆ ಸಿಪ್ಪೆಯ ಗುಳಿಗಳೆಲ್ಲ ಅದರಲ್ಲಿ ಮೊಳೆಗಳಾಗಿ ಮೂಡಿರುತ್ತವೆ. ಅದನ್ನು ಮಣ್ಣಿನ ಮೂಗಿಗೆ ಒತ್ತಿದರೆ ಅರವತ್ತು ದಾಟಿದ ಮೂಗು ಸಿದ್ಧ. ಹಣ್ಣಿನ ಚರ್ಮವೊಂದು ದೆವ್ವದ ಚರ್ಮವಾಗುವ ಈ ಗಳಿಗೆ ನನಗೆ ಎಂದೂ ಹಳತಾಗಿಲ್ಲ.

ಇಂಥ ಗುಟ್ಟುಗಳು ಹಿಂದೆ ಸಿನಿಮಾ ಸ್ಟುಡಿಯೋಗಳ ಗೋಡೆ ದಾಟುತ್ತಿರಲಿಲ್ಲ. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರಕ್ಕಾಗಿ ಪ್ರಸಾಧನ ಕಲಾವಿದ ಜ್ಯಾಕ್ ಪಿಯರ್ಸ್, ನಟ ಬೋರಿಸ್ ಕಾರ್ಲಾಫ್‌ನ ತಲೆಯ ಮೇಲೆ ಹತ್ತಿ, ಕೊಲೋಡಿಯನ್, ಅಂಟು ಸೇರಿಸಿ ಆ ಚೌಕ ಹಣೆಯನ್ನು ಪ್ರತಿದಿನವೂ ಹೊಸದಾಗಿ ಕಟ್ಟುತ್ತಿದ್ದ. ಆ ವಿದ್ಯೆಯನ್ನು ಮಕ್ಕಳ ಕೈಗೆ ಕೊಟ್ಟವನು ಡಿಕ್ ಸ್ಮಿತ್. ನ್ಯೂಯಾರ್ಕ್ ಹತ್ತಿರದ ಲಾರ್ಚ್‌ಮಾಂಟ್‌ನಲ್ಲಿದ್ದ ತನ್ನ ಮನೆಯ ನೆಲಮಾಳಿಗೆಯೇ ಅವನ ಕಾರ್ಯಾಗಾರ. 1965ರಲ್ಲಿ, ಭೂತಪ್ರೇತಗಳ ಸಿನಿಮಾಗಳಿಗೇ ಮೀಸಲಾಗಿದ್ದ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಪತ್ರಿಕೆಯ ವಿಶೇಷ ಸಂಚಿಕೆಯಾಗಿ ಅವನ ಕೈಪಿಡಿ ಬಂತು. ಮನೆಯಲ್ಲೇ ರಾಕ್ಷಸನಾಗುವುದು ಹೇಗೆಂದು ಅದು ಹಂತ ಹಂತವಾಗಿ ಕಲಿಸುತ್ತಿತ್ತು. ಕಾರ್ನ್ ಸಿರಪ್ಪಿನಿಂದ ಅವನು ತಯಾರಿಸಿದ ಕೃತಕ ರಕ್ತದ ಪಾಕವನ್ನು ಇಂದಿಗೂ ಜನ ಅನುಸರಿಸುತ್ತಾರೆ. ‘ಲಿಟ್ಲ್ ಬಿಗ್ ಮ್ಯಾನ್’ (1970) ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್‌ನನ್ನು 121 ವರ್ಷದ ಮುದುಕನನ್ನಾಗಿ ಮಾಡಿದ ಕೈ ಅದು. ಇಡೀ ಮುಖಕ್ಕೆ ಒಂದೇ ಮುಖವಾಡ ಹಾಕದೆ, ತೆಳು ರಬ್ಬರಿನ ಹಲವು ತುಂಡುಗಳನ್ನು ಒಂದರ ಅಂಚಿಗೆ ಇನ್ನೊಂದು ಬರುವಂತೆ ಅವನು ಅಂಟಿಸಿದ. ನಟನ ಮುಖ ಅಲುಗಿದರೆ ಮುದುಕನ ಮುಖವೂ ಅಲುಗುತ್ತಿತ್ತು. ಕೇಳಿ ಬಂದ ಹುಡುಗರಿಗೆ ಅವನು ಏನನ್ನೂ ಮುಚ್ಚಿಡಲಿಲ್ಲ. ಹಾಗೆ ಬಂದವರಲ್ಲಿ ಕ್ಯಾಲಿಫೋರ್ನಿಯಾದ ರಿಕ್ ಬೇಕರ್ ಒಬ್ಬ. ಮುಂದೆ ‘ಎಕ್ಸಾರ್ಸಿಸ್ಟ್’ ಚಿತ್ರದಲ್ಲಿ ಗುರುವಿಗೆ ಸಹಾಯಕನಾದ. ಆಮೇಲೆ ಪ್ರಸಾಧನಕ್ಕೆ ಏಳು ಆಸ್ಕರ್ ಪಡೆದ. ಗುರುವಿಗೆ 2011ರಲ್ಲಿ ಗೌರವ ಆಸ್ಕರ್ ಬಂತು. ಇವತ್ತು ಯಾವುದೋ ಊರಿನ ಗ್ಯಾರೇಜಿನಲ್ಲಿ ಹದಿನಾರರ ಹುಡುಗಿಯೊಬ್ಬಳು ಮಣ್ಣಿಗೆ ಕಿತ್ತಳೆಸಿಪ್ಪೆಯ ಅಚ್ಚು ಒತ್ತುತ್ತಿದ್ದರೆ ಅವಳ ಹಿಂದೆ ಈ ಪರಂಪರೆಯ ಔದಾರ್ಯವಿದೆ.

ಮಣ್ಣಿನ ಮುಖ ಮುಗಿದ ಮೇಲೆ ಅಚ್ಚು. ಕಿವಿಗಳ ಹಿಂದಿನಿಂದ ನೆತ್ತಿಯ ಮೇಲೆ ಹಾಯುವಂತೆ ಮಣ್ಣಿನದೇ ಗೋಡೆ ಕಟ್ಟಿ, ಮುಂದಿನ ಅರ್ಧಕ್ಕೊಮ್ಮೆ, ಹಿಂದಿನ ಅರ್ಧಕ್ಕೊಮ್ಮೆ ಪ್ಲಾಸ್ಟರ್ ಹಚ್ಚಬೇಕು. ಮೊದಲ ಪದರವನ್ನು ಕುಂಚದಿಂದ, ಒಂದು ಗುಳ್ಳೆಯೂ ಉಳಿಯದಂತೆ, ಪ್ರತಿ ಸುಕ್ಕಿನೊಳಕ್ಕೆ ಊದಿ ಊದಿ ಇಳಿಸುತ್ತಾರೆ. ಆಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಬಟ್ಟೆಯ ತುಂಡುಗಳನ್ನು ಹೊದಿಸಿ ಬಲ ಕೊಡುತ್ತಾರೆ. ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಅಂಗೈ ಇಟ್ಟರೆ ಜ್ವರ ಬಂದ ಮೈಯ ಕಾವು. ಎರಡು ಹೋಳುಗಳನ್ನು ಬಿಡಿಸುವಾಗ ಒಳಗಿನ ಮಣ್ಣಿನ ಮುಖ ಕಿತ್ತು ಚೂರಾಗುತ್ತದೆ. ವಾರಗಟ್ಟಲೆ ತಿದ್ದಿದ ಮೂಲಶಿಲ್ಪ ಅಲ್ಲಿಗೆ ಮುಗಿಯಿತು. ಉಳಿಯುವುದು ಅದರ ಟೊಳ್ಳು ಮಾತ್ರ.

ಆ ಟೊಳ್ಳನ್ನು ನೋಡದೆ ಮುಂದೆ ಹೋಗಬಾರದು. ಖಾಲಿ ಅಚ್ಚನ್ನು ಗೋಡೆಗೆ ಒರಗಿಸಿ, ಒಂದು ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಅತ್ತಿತ್ತ ನಡೆದರೆ ಒಳಕ್ಕೆ ತಗ್ಗಿದ ಮುಖ ಹೊರಕ್ಕೆ ಉಬ್ಬಿದಂತೆ ಕಂಡು, ನೀವು ಹೋದ ಕಡೆಗೆಲ್ಲ ತಿರುಗುತ್ತದೆ. ಮುಖವೆಂದರೆ ಉಬ್ಬಿಯೇ ಇರಬೇಕು ಎಂದು ನಮ್ಮ ಮಿದುಳು ಹಟ ಹಿಡಿಯುವುದರಿಂದ ಹೀಗಾಗುತ್ತದೆ. ಮನೋವಿಜ್ಞಾನಿಗಳು ಇದನ್ನು ಚೆನ್ನಾಗಿ ಬಲ್ಲರು. ಕಾರಣ ಗೊತ್ತಿದ್ದೂ ಮೈ ಜುಂ ಎನ್ನುತ್ತದೆ. ಬಣ್ಣವಿಲ್ಲ, ಕೂದಲಿಲ್ಲ, ಕೊಂಬಿಲ್ಲ. ಬರಿಯ ಬಿಳಿಯ ಗುಂಡಿಯೊಂದು ನಮ್ಮನ್ನು ಹಿಂಬಾಲಿಸುತ್ತದೆ. ಇಡೀ ಕೆಲಸದಲ್ಲಿ ಅತ್ಯಂತ ಭಯಾನಕವಾದದ್ದು ಇದೇ ಎಂದು ನಾನು ಹೇಳುತ್ತೇನೆ, ಹಬ್ಬದ ರಾತ್ರಿ ಯಾರಿಗೂ ಇದು ಕಾಣುವುದಿಲ್ಲ.

ಇನ್ನು ರಬ್ಬರ್ ಹಾಲು. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮರದ ತೊಗಟೆಯನ್ನು ಓರೆಯಾಗಿ ಕೆತ್ತಿದರೆ ತೊಟ್ಟು ತೊಟ್ಟಾಗಿ ಇಳಿದು ಬರುವ ಆ ಬಿಳಿ ಹಾಲೇ ಮುಖವಾಡಕ್ಕೂ ಬೇಕಾದದ್ದು. ನಮ್ಮ ತೋಟಗಳಲ್ಲಿ ಅದಕ್ಕೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಿ ಶೀಟ್ ಮಾಡುತ್ತಾರೆ. ಮುಖವಾಡದವರಿಗೆ ಅದು ಹೆಪ್ಪುಗಟ್ಟಲೇಬಾರದು. ಅದಕ್ಕೆಂದೇ ಅಮೋನಿಯಾ ಸೇರಿಸಿ, ನೀರಿನಂಶ ತಗ್ಗಿಸಿ ಡಬ್ಬಿಗಳಲ್ಲಿ ಮಾರುತ್ತಾರೆ. ಮುಚ್ಚಳ ತೆರೆದರೆ ಮೂಗು ಸುಡುವ ವಾಸನೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದೇ ಕೆಲಸ ಮಾಡಬೇಕು. ಸಹಜ ರಬ್ಬರಿನ ಪ್ರೋಟೀನು ಕೆಲವರ ಮೈಗೆ ಒಗ್ಗುವುದಿಲ್ಲವಾದ್ದರಿಂದ ಮೊದಲು ತೋಳಿನ ಮೇಲೆ ಸ್ವಲ್ಪ ಹಚ್ಚಿ ನೋಡುವುದೂ ಒಳ್ಳೆಯದು.

ಎರಡು ಹೋಳನ್ನು ಬಿಗಿದು ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿ, ಕತ್ತಿನ ಬಾಯಿಂದ ಹಾಲು ತುಂಬುತ್ತಾರೆ. ಮುಂದಿನದನ್ನು ಪ್ಲಾಸ್ಟರೇ ನೋಡಿಕೊಳ್ಳುತ್ತದೆ. ಒಣಗಿದ ಪ್ಲಾಸ್ಟರಿಗೆ ತೀರದ ಬಾಯಾರಿಕೆ. ಅದು ಹಾಲಿನ ನೀರನ್ನು ಹೀರುತ್ತ ಹೋದಂತೆ ರಬ್ಬರಿನ ಕಣಗಳು ಗೋಡೆಗೆ ಅಂಟಿ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಒಳಗೋಡೆಯ ಉದ್ದಕ್ಕೂ ಕಟ್ಟಿಕೊಳ್ಳುತ್ತವೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಚರ್ಮ ದಪ್ಪ. ಬೇಕಾದಷ್ಟು ಕಟ್ಟಿತೆನಿಸಿದಾಗ ಉಳಿದ ಹಾಲನ್ನು ಡಬ್ಬಿಗೆ ಮರಳಿ ಸುರಿದು, ಅಚ್ಚನ್ನು ಒಣಗಲು ಬಿಡುತ್ತಾರೆ. ಮಾರನೆಯ ದಿನ ಒಳಗೆಲ್ಲ ಟಾಲ್ಕಮ್ ಪೌಡರ್ ಉದುರಿಸಬೇಕು, ಇಲ್ಲವಾದರೆ ರಬ್ಬರ್ ತನಗೆ ತಾನೇ ಅಂಟಿಕೊಂಡು ಮತ್ತೆ ಬಿಡುವುದೇ ಇಲ್ಲ. ಆಮೇಲೆ ಅಂಚಿನಿಂದ ಮೆಲ್ಲಗೆ ಎಳೆದಾಗ ಮುಖ ಬರುತ್ತದೆ. ಮೊದಲು ಗಲ್ಲ, ಮಡಚಿಕೊಂಡ ಕೆನ್ನೆ, ಆಮೇಲೆ ಪಟಕ್ಕೆಂದು ಮೂಗು. ಕೈಯಲ್ಲಿ ಹಿಡಿದು ಕೊಡವಿದರೆ ಒಂದು ಕ್ಷಣ ನಡುಗಿ ತನ್ನ ಆಕಾರಕ್ಕೆ ಮರಳುತ್ತದೆ. ಮಣ್ಣಿನಲ್ಲಿದ್ದಾಗ ಅದೊಂದು ಶಿಲ್ಪ. ಈ ನಡುಕ ಬಂದ ಮೇಲೆ ಅದು ಚರ್ಮ.

ಬಣ್ಣ ಹಚ್ಚುವವರಲ್ಲಿ ಅವಸರದವರು ಯಾರು, ಅರಿತವರು ಯಾರು ಎನ್ನುವುದು ಬೇಗ ಗೊತ್ತಾಗುತ್ತದೆ. ಹಸಿರು ದೆವ್ವಕ್ಕೆ ಹಸಿರು ಡಬ್ಬಿ ತೆರೆದು ಬಳಿದರೆ ಅದು ಗೋಡೆಯಾಗುತ್ತದೆ. ಒಣಗಿದ ರಬ್ಬರಿಗೆ ತನ್ನದೇ ಒಂದು ದಂತದ ಬಣ್ಣವಿದೆ, ಬೆಳಕನ್ನು ಸ್ವಲ್ಪ ಒಳಕ್ಕೆ ಬಿಟ್ಟುಕೊಳ್ಳುವ ಗುಣವಿದೆ. ಅದನ್ನು ಉಳಿಸಿಕೊಂಡು ನೀರುನೀರಾದ ಬಣ್ಣವನ್ನು ಪದರ ಪದರವಾಗಿ ಚಿಮುಕಿಸಬೇಕು: ರಕ್ತ ಹರಿಯುವ ಕಡೆ ಕೆಂಪು, ಕಣ್ಣಿನ ಕೆಳಗೆ ನೇರಳೆ, ಎಲುಬು ಚರ್ಮಕ್ಕೆ ತಾಗುವಲ್ಲಿ ಹಳದಿ, ಕಪಾಲದ ಬದಿಯಲ್ಲಿ ನೀಲಿ ನರ, ಕೊಟ್ಟಕೊನೆಗೆ ಇವೆಲ್ಲದರ ಮೇಲೆ ತೆಳ್ಳಗೆ ಹಸಿರು. ಬಣ್ಣವೂ ರಬ್ಬರಿನ ಜೊತೆ ಹಿಗ್ಗಬೇಕಾದ್ದರಿಂದ ಅದಕ್ಕೆ ಅಂಟನ್ನೋ ರಬ್ಬರ್ ಸಿಮೆಂಟನ್ನೋ ಬೆರೆಸುತ್ತಾರೆ. ಬರಿಯ ಬಣ್ಣ ಹಚ್ಚಿದರೆ ಮೊದಲ ನಗುವಿಗೇ ಬಿರಿದು ಉದುರುತ್ತದೆ. ಹುಬ್ಬಿನ ಕೂದಲನ್ನು ಸೂಜಿಯಿಂದ ಒಂದೊಂದಾಗಿ ನೆಡುವವರಿದ್ದಾರೆ. ಬುಡದಲ್ಲಿ ದಟ್ಟವಾಗಿ, ಹಣೆಯ ಅಂಚಿನಲ್ಲಿ ವಿರಳವಾಗಿ. ಆ ವಿರಳತೆಯನ್ನು ಸಾಧಿಸಲು ಬೇಕಾದ ಸಂಯಮಕ್ಕೆ ನಾನು ತಲೆಬಾಗುತ್ತೇನೆ.

ವಿವರ ಹೆಚ್ಚಿದಷ್ಟೂ ಮುಖವಾಡ ಮೇಲು ಎಂದೇನೂ ಅಲ್ಲ. 1978ರ ‘ಹ್ಯಾಲೋವೀನ್’ ಚಿತ್ರದ ಕೊಲೆಗಾರನ ಮುಖ ಇದಕ್ಕೆ ಕೈಗನ್ನಡಿ. ನಿರ್ದೇಶಕ ಜಾನ್ ಕಾರ್ಪೆಂಟರ್‌ನ ತಂಡದ ಬಳಿ ಹಣವಿರಲಿಲ್ಲ. ತಂಡದ ಟಾಮಿ ಲೀ ವ್ಯಾಲೇಸ್ ಎರಡು ಡಾಲರಿಗಿಂತ ಕಡಿಮೆ ಬೆಲೆಗೆ ಅಂಗಡಿಯಿಂದ ಒಂದು ಮುಖವಾಡ ಕೊಂಡು ತಂದ. ಡಾನ್ ಪೋಸ್ಟ್ ಸ್ಟುಡಿಯೋ ತಯಾರಿಸಿದ, ‘ಸ್ಟಾರ್ ಟ್ರೆಕ್’ ಕ್ಯಾಪ್ಟನ್ ಕರ್ಕ್‌ನ ಮುಖವದು, ಅಂದರೆ ನಟ ವಿಲಿಯಂ ಶಾಟ್ನರನದು. ಅದರ ಕೆನ್ನೆಗೂದಲು ತೆಗೆದ, ಕಣ್ಣಿನ ತೂತು ಹಿಗ್ಗಿಸಿದ, ಮುಖಕ್ಕೆ ಬಿಳಿ ಬಳಿದ. ಯಾರ ಮುಖವೂ ಅಲ್ಲದ, ಆದರೂ ಯಾರದೋ ಆಗಿದ್ದ ಒಂದು ಮುಖ ಉಳಿಯಿತು. ಕೆತ್ತಿ ಸೇರಿಸುವವರು ಮಣ್ಣಿನಲ್ಲಿ ತೋರಿಸುವ ಜಾಣ್ಮೆಯನ್ನು ಅವನು ಅಳಿಸುವುದರಲ್ಲಿ ತೋರಿಸಿದ.

ಕವಚದ ಕಡೆ ಬಂದರೆ ವಸ್ತು ಇನ್ನೂ ಸಾಧಾರಣ. ವ್ಯಾಯಾಮಶಾಲೆಯ ನೆಲಕ್ಕೆ ಹಾಸುವ, ಅಂಚಿನಲ್ಲಿ ಹಲ್ಲುಹಲ್ಲಾಗಿ ಒಂದಕ್ಕೊಂದು ಕೂಡಿಕೊಳ್ಳುವ ಫೋಮ್ ಚಾಪೆ. ಅಳತೆ ತೆಗೆಯುವ ಬಗೆಯೇ ಸೊಗಸು: ತೊಡುವವರ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಅಗಲ ಟೇಪು ಬಿಗಿದು, ಎದೆಕವಚ ಎಲ್ಲಿ ಮುಗಿಯಬೇಕು, ತೋಳು ಎಲ್ಲಿ ಶುರುವಾಗಬೇಕು ಎಂದು ಅದರ ಮೇಲೆಯೇ ಗೆರೆ ಎಳೆದು, ಕತ್ತರಿಸಿ ಬಿಡಿಸುತ್ತಾರೆ. ದುಂಡಾದ ಮೈ ಮೇಜಿನ ಮೇಲೆ ಚಪ್ಪಟೆ ತುಂಡುಗಳಾಗಿ ಹರಡಿಕೊಳ್ಳುತ್ತದೆ. ಆ ತುಂಡುಗಳ ಪ್ರಕಾರ ಫೋಮ್ ಕತ್ತರಿಸಿ, ಅಂಚನ್ನು ಓರೆಯಾಗಿ ಕೊರೆದು, ಬಿಸಿಗಾಳಿ ಯಂತ್ರ ಹಿಡಿದರೆ ಫೋಮಿನ ಮೇಲ್ಮೈಯ ಸಣ್ಣ ತೂತುಗಳು ಮುಚ್ಚಿಕೊಂಡು ನವಿರಾದ ಹೊಳಪು ಬರುತ್ತದೆ. ಬಿಸಿಯಿರುವಾಗ ಮೊಣಕಾಲಿನ ಮೇಲಿಟ್ಟು ಬಾಗಿಸಿದರೆ ತಣಿದ ಮೇಲೂ ಆ ಬಾಗು ಉಳಿಯುತ್ತದೆ. ಅಂಟನ್ನು ಎರಡೂ ಅಂಚಿಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗುವವರೆಗೆ ಕಾದು, ಆಮೇಲೆ ಒಮ್ಮೆಗೇ ಕೂಡಿಸಬೇಕು. ಕೂಡಿದ ಮೇಲೆ ಸರಿಸುವ ಮಾತಿಲ್ಲ.

ಒಳ್ಳೆಯ ಕವಚಕಾರರು ನಿಜವಾದ ಕವಚಗಳನ್ನು ನೋಡಿದವರಾಗಿರುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಆಯುಧ ಮತ್ತು ಕವಚಗಳಿಗೆ 1912ರಿಂದಲೂ ಪ್ರತ್ಯೇಕ ವಿಭಾಗವಿದೆ. ಹದಿನಾರನೆಯ ಶತಮಾನದ ಆರಂಭದ ಜರ್ಮನ್ ಕವಚಗಳಲ್ಲಿ ಎದೆಯ ತುಂಬ ಬೀಸಣಿಗೆ ಬಿಚ್ಚಿದಂತೆ ಏಣುಗಳಿರುತ್ತವೆ. ತೆಳು ತಗಡಿಗೆ ಅವು ಬಿಗಿ ಕೊಡುತ್ತಿದ್ದವು, ಬೆಳಕನ್ನೂ ಗೆರೆಗೆರೆಯಾಗಿ ಸೀಳುತ್ತಿದ್ದವು. ಮೊಣಕೈಯಲ್ಲಿ ಕಿರಿದಾದ ಪಟ್ಟಿಗಳು ಒಂದರ ಕೆಳಗೊಂದು ಜಾರುವುದರಿಂದ ಯೋಧನ ಕೈ ಮಡಚುತ್ತಿತ್ತು. ಫೋಮಿನಲ್ಲಿ ಮಾಡುವಾಗ ಮಡಚಲು ಇದ್ಯಾವುದೂ ಬೇಡ, ಫೋಮ್ ತಾನೇ ಬಾಗುತ್ತದೆ. ಹಾಗಿದ್ದೂ ಆ ಪಟ್ಟಿಗಳನ್ನು ಬೇರೆಬೇರೆಯಾಗಿ ಕತ್ತರಿಸಿ, ಒಳಗೆ ಎಲಾಸ್ಟಿಕ್ ಹೊಲಿದು, ಕೈ ಮಡಚಿದಾಗ ಒಂದರೊಳಗೊಂದು ಸರಿಯುವಂತೆ ಮಾಡುವವರನ್ನು ಕಂಡಾಗ ನನಗೆ ಸಂತೋಷವಾಗುತ್ತದೆ. ಉಕ್ಕಿನ ಕಷ್ಟವನ್ನು ಅರಿತವರ ಫೋಮ್ ಮಾತ್ರ ಉಕ್ಕಾಗುತ್ತದೆ.

ಕವಚದ ಕಥೆ ಹೇಳುವುದು ಅದರ ಮೇಲಿನ ಕೊಳೆ. ಮೊದಲು ಕಪ್ಪು, ಮೇಲೆ ಬೆಳ್ಳಿ, ಆಮೇಲೆ ನೀರಾದ ಕಪ್ಪು ಕಂದು ಬಣ್ಣ ಬಳಿದು ಒಡನೆಯೇ ಒರೆಸುತ್ತಾರೆ. ಮೂಲೆಗಳಲ್ಲಿ ಉಳಿದದ್ದು ವರ್ಷಗಳ ಜಿಡ್ಡಾಗುತ್ತದೆ. ಒಣ ಕುಂಚದಲ್ಲಿ ಇದ್ದೂ ಇಲ್ಲದಷ್ಟು ಬೆಳ್ಳಿ ತೆಗೆದುಕೊಂಡು ಏಣುಗಳ ಮೇಲೆ ಮಾತ್ರ ಸವರಿದರೆ ಸವೆದ ಲೋಹ ಮಿನುಗುತ್ತದೆ. ಇಲ್ಲಿಯೂ ತರ್ಕ ಬೇಕು. ಕೈ ತಾಗುವಲ್ಲಿ ಹೊಳಪು, ನೀರು ನಿಲ್ಲುವಲ್ಲಿ ತುಕ್ಕು, ಖಡ್ಗ ಎಡಗಡೆ ತೂಗುವುದಾದರೆ ಗೀರುಗಳೂ ಎಡತೊಡೆಯ ಮೇಲೆ. ಗಾಯಗಳನ್ನು ಎಲ್ಲ ಕಡೆ ಸಮನಾಗಿ ಹರಡಿದ ಕವಚ ಯಾವ ಯುದ್ಧವನ್ನೂ ಕಂಡಿಲ್ಲ ಎಂದು ಅದೇ ಹೇಳಿಬಿಡುತ್ತದೆ. ಗೀರೇ ಇಲ್ಲದ ಕವಚವೂ ನನ್ನನ್ನು ಹಿಡಿದು ನಿಲ್ಲಿಸುವುದಿಲ್ಲ.

ಇಷ್ಟೆಲ್ಲ ಆಗಿ ಮುಖವಾಡ ಮೇಜಿನ ಮೇಲಿರುವಾಗ ಅದು ಅರ್ಧ ಮಾತ್ರ. ತೊಡುವವರು ತಮ್ಮ ಕಣ್ಣಿನ ಸುತ್ತ ಕಪ್ಪು ಬಳಿದುಕೊಳ್ಳುತ್ತಾರೆ, ರಬ್ಬರಿನ ಅಂಚು ನೆರಳಿನಲ್ಲಿ ಕರಗಿ ಕಣ್ಣು ಮಾತ್ರ ಉಳಿಯುತ್ತದೆ. ನಾವು ಮೊದಲು ನೋಡಿದ ಆ ಮೂಲೆಯಲ್ಲಿ ಈಗ ಒದ್ದೆಯಾದ, ಅಲುಗುವ, ನಿಜವಾದ ಕಣ್ಣಿದೆ. ಕತ್ತನ್ನು ನಿಧಾನವಾಗಿ ತಿರುಗಿಸಬೇಕು. ಅವಸರದ ಚಲನೆಯಲ್ಲಿ ರಬ್ಬರ್ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಕವಚ ತೊಟ್ಟವರಿಗೂ ಇದೇ ಪಾಠ. ಮೈಮೇಲಿರುವುದು ಹಗುರ ಫೋಮ್, ಹೆಜ್ಜೆ ಮಾತ್ರ ಇಪ್ಪತ್ತು ಕಿಲೋ ಉಕ್ಕು ಹೊತ್ತವರದಾಗಿರಬೇಕು. ಬೀದಿಯ ಮನೆಗಳ ಮೆಟ್ಟಿಲುಗಳಲ್ಲಿ ಕುಂಬಳಕಾಯಿಯೊಳಗಿನ ದೀಪ ಕೆಳಗಿನಿಂದ ಬೆಳಕು ಎಸೆಯುತ್ತದೆ, ಹಗಲು ಕಾಣದ ಹುಬ್ಬಿನ ಏಣು ಆಗ ಕಾಣುತ್ತದೆ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ 1974ರಲ್ಲಿ ಮುಖವಾಡ ಕಲಾವಿದ ರಾಲ್ಫ್ ಲೀ, ನೆರೆಹೊರೆಯವರನ್ನೂ ಮಕ್ಕಳನ್ನೂ ಕಟ್ಟಿಕೊಂಡು ತನ್ನ ದೈತ್ಯ ಗೊಂಬೆಗಳನ್ನು ಬೀದಿಯಲ್ಲಿ ನಡೆಸಿದ್ದು ಈಗ ದೇಶಕ್ಕೆಲ್ಲ ಗೊತ್ತಿರುವ ಹ್ಯಾಲೋವೀನ್ ಮೆರವಣಿಗೆಯಾಗಿದೆ. ಮುಖವಾಡ ಗೋಡೆಯ ಮೇಲಿನ ವಸ್ತುವಲ್ಲ, ನಡೆಯಬೇಕಾದ ವಸ್ತು ಎಂದು ಅವನಿಗೆ ಗೊತ್ತಿತ್ತು.

ನಾಟ್ಯಶಾಸ್ತ್ರದಲ್ಲಿ ಭಯಾನಕವನ್ನೂ ರಸವೆಂದು ಎಣಿಸಿದ ಭರತ ಅದಕ್ಕೆ ಕಪ್ಪು ಬಣ್ಣ ಕೊಟ್ಟ. ಆ ರಸವನ್ನು ವಿವರಿಸುವಾಗ ಅಭಿನವಗುಪ್ತ ಕಾಳಿದಾಸನ ಶಾಕುಂತಲದ ಜಿಂಕೆಯನ್ನು ನೆನೆಯುತ್ತಾನೆ, ಬಾಣಕ್ಕೆ ಹೆದರಿ ಕತ್ತು ಹೊರಳಿಸಿ ನೋಡುತ್ತ ಓಡುವ ಜಿಂಕೆ. ಅಲ್ಲಿ ಭಯ ಯಾರೊಬ್ಬರ ಸ್ವಂತದ್ದೂ ಅಲ್ಲ, ಆದ್ದರಿಂದಲೇ ಅದು ಸವಿಯುವಂಥದ್ದು. ಹ್ಯಾಲೋವೀನ್ ರಾತ್ರಿ ಬಾಗಿಲು ತೆರೆದ ಅಜ್ಜಿಯೊಬ್ಬಳು ಎದುರಿಗಿದ್ದ ಶವಮುಖವನ್ನು ಕಂಡು ಚೀರಿ, ಮರುಗಳಿಗೆಯೇ ಕನ್ನಡಕ ಸರಿಪಡಿಸಿಕೊಂಡು ಅದರ ಕೆನ್ನೆ ಮುಟ್ಟಿ ನೋಡುವಾಗ ನನಗೆ ಆ ಜಿಂಕೆಯ ನೆನಪಾಗುತ್ತದೆ. ಚೀರಿದ್ದು ನಿಜ, ಮುಟ್ಟಿದ್ದೂ ನಿಜ.

ರಬ್ಬರಿನ ಮುಖಕ್ಕೆ ಆಯುಷ್ಯ ಕಡಿಮೆ. ಬಿಸಿಲು, ಗಾಳಿಯಲ್ಲಿನ ಓಜೋನ್, ಎಣ್ಣೆ, ತಾಮ್ರದ ಸೋಂಕು ಇವೆಲ್ಲ ಅದಕ್ಕೆ ವಿಷ. ಮೊದಲು ಅಂಟಂಟಾಗಿ ಆಮೇಲೆ ಗಟ್ಟಿಯಾಗಿ ಬಿರಿಯುತ್ತದೆ. ಒಳಗೆ ಪೌಡರ್ ಹಾಕಿ, ತಲೆಯಾಕಾರದ ಗೂಟಕ್ಕೆ ತೊಡಿಸಿ, ಕತ್ತಲ ಕಪಾಟಿನಲ್ಲಿಟ್ಟರೆ ಹೆಚ್ಚು ವರ್ಷ ಬಾಳುತ್ತದೆ. ಹಾಗೆ ಕಾಪಾಡಿದ ಹಳೆಯ ಡಾನ್ ಪೋಸ್ಟ್ ಮುಖವಾಡಗಳಿಗೆ ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುತ್ತಾರೆ. ನನ್ನ ಮೆಚ್ಚುಗೆ ಮಾತ್ರ ತೊಟ್ಟು ಸವೆದ ಮುಖಗಳಿಗೆ. ಒಳಗಡೆ ಬೆವರಿನ ಕಲೆ, ಕಿವಿಯ ಹಿಂದೆ ತೇಪೆ, ಗಲ್ಲದ ಬಣ್ಣ ಉದುರಿದ ಗುರುತು ಇರುವಂಥವು. ಅಚ್ಚು ಹೇಗೂ ಅಟ್ಟದ ಮೇಲಿದೆ. ಮುಂದಿನ ಆಗಸ್ಟಿನಲ್ಲಿ ಅದನ್ನಿಳಿಸಿ ಧೂಳು ಕೊಡವಿ, ಹೊಸ ಹಾಲು ಹೊಯ್ದು, ಅದೇ ಮುಖಕ್ಕೆ ಈ ಸಲ ಕಾಮಾಲೆಯ ಹಳದಿ ಕೊಡುವುದೋ ನೀರಿನಲ್ಲಿ ಮುಳುಗಿದವನ ನೀಲಿ ಕೊಡುವುದೋ ಎಂಬ ಚರ್ಚೆ ಅಣ್ಣತಂಗಿಯರಲ್ಲಿ ಶುರುವಾಗುತ್ತದೆ. ನಾನು ನೀಲಿಯ ಕಡೆಗೆ.